ವಿಷಕ್ಕೆ ಬಗ್ಗದ ಹುಳುವಿಗೂ ಒಂದು ನಷ್ಟವುಂಟು

(ಹತ್ತಿ ಬೆಳೆಗಾರರಿಗೆ ಒಂದು ಪಾಠ)

ರೈತ ಬಾಂಧವರೇ,

ಹೋದ ಹಂಗಾಮಿನಲ್ಲಿ ಒಂದು ದಿನ ನಾವು ಹತ್ತು ಮಂದಿ ಹತ್ತಿಯ ಹೊಲದ ಬದುವಿನ ಮೇಲೆ ಕುಳಿತು ಹಸಿ ಕಾಯಿಗಳನ್ನು ಬಿಡಿಸಿ ನೋಡುತ್ತಿದ್ದೆವು. ಮೂರು ಕಾಯಿಗೆ ಒಂದರಲ್ಲಿ ಗುಲಾಬಿ ಬಣ್ಣದ ಹುಳು ಇತ್ತು. ಬಿತ್ತಿದ್ದು ಬಿಟಿ ಹತ್ತಿಯೇ. ಆಗ ಊರಿನ ಹಿರಿಯ ಯಜಮಾನರೊಬ್ಬರು ನನ್ನನ್ನು ಕೇಳಿದರು: "ತಮ್ಮಾ, ವಿಷ ತಿಂದೂ ಸಾಯದ ಹುಳ ಅಂದಮ್ಯಾಲೆ ಅದು ಎಲ್ಲಾ ಹುಳಕ್ಕಿಂತ ಗಟ್ಟಿ ಆತಲ್ಲ. ಇನ್ನ ಅದರ ಮುಂದೆ ನಮ್ಮದೇನು ನಡೀತದ?"

ಪ್ರಶ್ನೆ ದೊಡ್ಡದು. ಅಂದು ನಾನು ಕೊಟ್ಟ ಉತ್ತರ ಅರ್ಧಮರ್ಧವಾಗಿತ್ತು. ಪೂರ್ಣ ಉತ್ತರವನ್ನು ಈ ಪಾಠದಲ್ಲಿ ಬರೆದಿದ್ದೇನೆ. ಓದು ಬಲ್ಲವರು ಓದಿ, ಬಾರದವರಿಗೆ ಕಟ್ಟೆಯ ಮೇಲೆ ಓದಿ ಹೇಳಬೇಕೆಂದು ವಿನಂತಿ.

ಹುಳುವಿನ ಪರಿಚಯ

ಗುಲಾಬಿ ಕಾಯಿಕೊರಕ ನಮ್ಮ ದೇಶಕ್ಕೆ ಹೊಸದಲ್ಲ. 1843ರಲ್ಲಿ ವಿಜ್ಞಾನಿಗಳು ಇದನ್ನು ಮೊದಲ ಬಾರಿಗೆ ವರ್ಣಿಸಿ ಹೆಸರಿಟ್ಟಾಗ ಅವರ ಕೈಯಲ್ಲಿದ್ದ ಮಾದರಿಗಳು ಗುಜರಾತಿನ ಭರೂಚದ ಹತ್ತಿಯಿಂದ ಹೋದವು. ಇದರ ಪತಂಗ ಬೂದು ಬಣ್ಣದ್ದು, ಸಣ್ಣದು, ರಾತ್ರಿ ಹಾರುವಂಥದ್ದು. ಮೊಗ್ಗು, ಹೂ, ಎಳೆ ಕಾಯಿಗಳ ಹತ್ತಿರ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಮರಿ ಬಹಳ ಹೊತ್ತು ಹೊರಗೆ ತಿರುಗುವುದಿಲ್ಲ. ಕಾಯಿಯೊಳಗೆ ಹೊಕ್ಕುಬಿಡುತ್ತದೆ. ಹೊಕ್ಕ ತೂತು ಕೂಡಿಕೊಳ್ಳುವುದರಿಂದ ಹೊರಗಿನಿಂದ ಕಾಯಿ ಚೆನ್ನಾಗಿಯೇ ಕಾಣುತ್ತದೆ. ಒಳಗೆ ಹುಳು ಬೀಜವನ್ನು ತಿನ್ನುತ್ತಿರುತ್ತದೆ. ಕಾಯಿ ಸರಿಯಾಗಿ ಒಡೆಯುವುದಿಲ್ಲ, ಅರಳೆಗೆ ಕಲೆ ಬೀಳುತ್ತದೆ, ತೂಕವೂ ಹೋಗುತ್ತದೆ, ದರವೂ ಹೋಗುತ್ತದೆ.

ಹಂಗಾಮು ಮುಗಿದಾಗ ಈ ಹುಳು ಎರಡು ಬೀಜಗಳನ್ನು ಜೋಡಿಸಿಕೊಂಡು ಅವುಗಳ ನಡುವೆ ಮಲಗುತ್ತದೆ. ಇದಕ್ಕೆ ಸುಪ್ತಾವಸ್ಥೆ ಎನ್ನುತ್ತಾರೆ. ಹೊಲದಲ್ಲಿ ಬಿಟ್ಟ ಒಣಕಾಯಿ, ಮನೆಯ ಬಳಿ ಒಟ್ಟಿದ ಹತ್ತಿ ಕಟ್ಟಿಗೆ, ಜಿನ್ನಿನಲ್ಲಿ ಬಿದ್ದ ಬೀಜ ಇವೇ ಅದರ ಮಲಗುವ ಮನೆ. ಮುಂದಿನ ಬೆಳೆ ಬರುವ ಹೊತ್ತಿಗೆ ಪತಂಗವಾಗಿ ಏಳುತ್ತದೆ.

ಬಿಟಿ ಹತ್ತಿ ಮಾಡುವ ಕೆಲಸ

ಮಣ್ಣಿನಲ್ಲಿ ಒಂದು ಬಗೆಯ ಸೂಕ್ಷ್ಮಾಣು ಉಂಟು. ಅದರ ಹೆಸರಿನ ಮೊದಲಕ್ಷರಗಳೇ ಬಿಟಿ. ಅದು ತಯಾರಿಸುವ ಒಂದು ಸಸಾರಜನಕ ಕಾಯಿಕೊರಕದ ಮರಿಗಳಿಗೆ ವಿಷ. ಈ ವಿಷವನ್ನು ಗಿಡವೇ ತಯಾರಿಸಿಕೊಳ್ಳುವಂತೆ ಮಾಡಿದ್ದು ಬಿಟಿ ಹತ್ತಿ. ಹುಳು ತಿಂದಾಗ ವಿಷವು ಅದರ ಕರುಳಿನ ಗೋಡೆಯ ಮೇಲಿರುವ ಒಂದು ಕೊಂಡಿಗೆ ಸಿಕ್ಕಿಕೊಳ್ಳುತ್ತದೆ, ಗೋಡೆಗೆ ತೂತು ಬೀಳುತ್ತದೆ, ಹುಳು ಸಾಯುತ್ತದೆ.

ಆದರೆ ಲಕ್ಷಾಂತರ ಹುಳುಗಳಲ್ಲಿ ಕೆಲವಕ್ಕೆ ಹುಟ್ಟಿನಿಂದಲೇ ಆ ಕೊಂಡಿಯ ಆಕಾರ ಬೇರೆ ಇರುತ್ತದೆ. ವಿಷ ಅಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಇಂಥ ಹುಳುವನ್ನು ಬಿಟಿ ಹತ್ತಿ ಹುಟ್ಟಿಸಿದ್ದಲ್ಲ. ಅದು ಮೊದಲೇ ಅಲ್ಲೊಂದು ಇಲ್ಲೊಂದು ಇತ್ತು. ಉಳಿದವೆಲ್ಲ ಸತ್ತಾಗ ಇದೊಂದೇ ಉಳಿಯಿತು, ಇದರ ಸಂತಾನ ಬೆಳೆಯಿತು.

ಇಲ್ಲಿ ಯಜಮಾನರ ಪ್ರಶ್ನೆ ಬರುತ್ತದೆ. ಅಷ್ಟು ಗಟ್ಟಿ ಹುಳುವಾಗಿದ್ದರೆ ಬಿಟಿ ಬರುವ ಮುಂಚೆಯೇ ಅದು ಊರೆಲ್ಲ ಏಕೆ ತುಂಬಿರಲಿಲ್ಲ? ಅಲ್ಲೊಂದು ಇಲ್ಲೊಂದು ಮಾತ್ರ ಏಕಿತ್ತು?

ಕಂಬಳಿಯ ಲೆಕ್ಕ

ಮಳೆ ಜಡಿಯುತ್ತಿರುವ ದಿನ ಕಂಬಳಿ ಹೊದ್ದವನು ಒಣಗಿರುತ್ತಾನೆ, ಹೊದೆಯದವನು ತೊಯ್ದು ನಡುಗುತ್ತಾನೆ. ಅಂದು ಕಂಬಳಿಯವನೇ ಗೆದ್ದ. ಮರುದಿನ ಸುಡುಬಿಸಿಲು. ಇಬ್ಬರಿಗೂ ಓಟದ ಪಂದ್ಯ ಇಡಿರಿ, ಆದರೆ ಕಂಬಳಿ ತೆಗೆಯಕೂಡದು ಎನ್ನಿರಿ. ಅಂದು ಯಾರು ಗೆಲ್ಲುತ್ತಾರೆ? ನಿನ್ನೆ ಕಾಪಾಡಿದ ಕಂಬಳಿಯೇ ಇಂದು ಭಾರ.

ವಿಷಕ್ಕೆ ಬಗ್ಗದ ಹುಳು ಹೀಗೆಯೇ ಕಂಬಳಿ ಹೊದ್ದು ಹುಟ್ಟಿದ ಹುಳು. ಬಿಟಿ ಹತ್ತಿ ಅದಕ್ಕೆ ಮಳೆ, ಬಿಟಿ ಅಲ್ಲದ ಹತ್ತಿ ಅದಕ್ಕೆ ಬಿಸಿಲು. ಕರುಳಿನ ಕೊಂಡಿ ದೇಹಕ್ಕೆ ಬೇಡವಾದ ವಸ್ತುವೇನಲ್ಲ. ಅದು ಬದಲಾದಾಗ ವಿಷದಿಂದ ರಕ್ಷಣೆ ಸಿಕ್ಕರೂ ಬೇರೆ ಕಡೆ ಹುಳುವಿಗೆ ನಷ್ಟ ತಗಲುತ್ತದೆ.

ಇದು ಊಹೆಯ ಮಾತಲ್ಲ. ಅಮೆರಿಕದ ಅರಿಜೋನಾ ರಾಜ್ಯದ ವಿಜ್ಞಾನಿಗಳು ಇದೇ ಗುಲಾಬಿ ಕಾಯಿಕೊರಕದ ಎರಡೂ ಬಗೆಯ ಹುಳುಗಳನ್ನು ಬಿಟಿ ಅಲ್ಲದ ಹತ್ತಿಯ ಮೇಲೆ ಬಿಟ್ಟು ನೋಡಿ, 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಮಾನ್ಯ ಹುಳುಗಳಿಗೆ ಹೋಲಿಸಿದರೆ ವಿಷಕ್ಕೆ ಬಗ್ಗದ ಹುಳುಗಳಲ್ಲಿ ಬದುಕಿ ಉಳಿದವು ಸುಮಾರು ಅರ್ಧದಷ್ಟು ಮಾತ್ರ. ಸುಪ್ತಾವಸ್ಥೆಯ ಪರೀಕ್ಷೆಯಲ್ಲಿ ನಷ್ಟ ಇನ್ನೂ ಹೆಚ್ಚು. ಮಲಗಿದ ಸಾಮಾನ್ಯ ಹುಳುಗಳಿಂದ 100 ಪತಂಗ ಎದ್ದು ಬಂದರೆ, ಅಷ್ಟೇ ಸಂಖ್ಯೆಯ ಬಗ್ಗದ ಹುಳುಗಳಿಂದ 30ರ ಆಸುಪಾಸು ಮಾತ್ರ ಎದ್ದವು.

ಇನ್ನೊಂದು ಸಂಗತಿ. ಹತ್ತಿ ಬೀಜವನ್ನು ಸೀಳಿ ನೋಡಿದರೆ ಒಳಗೆ ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತವೆ. ಅವುಗಳಲ್ಲಿ ಗಾಸಿಪಾಲ್ ಎಂಬ ವಸ್ತುವಿದೆ. ಹುಳುಗಳಿಂದ ತನ್ನನ್ನು ಕಾಯ್ದುಕೊಳ್ಳಲು ಹತ್ತಿ ಗಿಡ ಮೊದಲಿನಿಂದಲೂ ಇಟ್ಟುಕೊಂಡ ಸ್ವಂತ ಆಯುಧ ಅದು. ಆಹಾರದಲ್ಲಿ ಗಾಸಿಪಾಲ್ ಇದ್ದಾಗ ಸಾಮಾನ್ಯ ಹುಳುವಿಗಿಂತ ಬಗ್ಗದ ಹುಳುವಿಗೆ ಹೆಚ್ಚು ತೊಂದರೆಯಾಗುವುದು ಪರೀಕ್ಷೆಗಳಲ್ಲಿ ಕಂಡಿದೆ. ಹೊಸ ವಿಷವನ್ನು ಗೆದ್ದ ಹುಳು ಹಳೆಯ ಆಯುಧಕ್ಕೆ ಮೊದಲಿಗಿಂತ ಸುಲಭವಾಗಿ ಸಿಕ್ಕಿತು ಎಂದಾಯಿತು.

ಯಜಮಾನರಿಗೆ ಉತ್ತರ ಇದು: ಆ ಹುಳು ಎಲ್ಲಾ ಕಡೆ ಗಟ್ಟಿಯಲ್ಲ. ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಪೆದ್ದಲು. ಅದರ ಪೆದ್ದಲುತನ ಹೊರಬೀಳಬೇಕಾದರೆ ಊರಿನಲ್ಲಿ ಬಿಸಿಲು ಬೀಳುವ ಜಾಗ ಇರಬೇಕು. ಅಂದರೆ ಬಿಟಿ ಅಲ್ಲದ ಹತ್ತಿಯ ಸಾಲುಗಳು ಇರಬೇಕು. ಇವನ್ನೇ ಆಶ್ರಯ ಸಾಲು ಎನ್ನುವುದು.

ಆಶ್ರಯ ಸಾಲು ಮಾಡುವ ಎರಡು ಕೆಲಸ

ಮೊದಲನೆಯದು, ಬಗ್ಗದ ಹುಳು ಅಲ್ಲಿ ಸಾಮಾನ್ಯ ಹುಳುವಿನ ಎದುರು ಸೋಲುತ್ತದೆ. ಒಂದೊಂದು ತಲೆಮಾರಿಗೂ ಅದರ ಪಾಲು ತಗ್ಗುತ್ತದೆ.

ಎರಡನೆಯದು, ಅಲ್ಲಿ ಸಾಮಾನ್ಯ ಹುಳುಗಳು ಬೆಳೆದು ಪತಂಗವಾಗುತ್ತವೆ. ಬಿಟಿ ಸಾಲಿನಿಂದ ಎದ್ದ ಒಂದೊಂದು ಬಗ್ಗದ ಪತಂಗಕ್ಕೂ ಜೋಡಿಯಾಗಿ ಸಿಕ್ಕುವುದು ಹೆಚ್ಚಾಗಿ ಈ ಸಾಮಾನ್ಯ ಪತಂಗವೇ. ಅವುಗಳ ಮರಿಗೆ ತಾಯಿತಂದೆಯರಲ್ಲಿ ಒಬ್ಬರಿಂದ ಮಾತ್ರ ಆ ಗುಣ ಬರುತ್ತದೆ. ಅರ್ಧ ಕಂಬಳಿ ಎನ್ನಿರಿ. ಅರ್ಧ ಕಂಬಳಿಗೆ ಜಡಿಮಳೆ ತಡೆಯದು. ಆ ಮರಿ ಬಿಟಿ ಕಾಯಿ ತಿಂದರೆ ಸಾಯುತ್ತದೆ. ಆಶ್ರಯ ಸಾಲು ಇಲ್ಲದಿದ್ದರೆ ಬಗ್ಗದ ಪತಂಗಕ್ಕೆ ಬಗ್ಗದ ಪತಂಗವೇ ಜೋಡಿ, ಮರಿಗೆ ಪೂರ್ತಿ ಕಂಬಳಿ.

ಅರಿಜೋನಾದ ರೈತರು 1996ರಿಂದ ಬಿಟಿ ಹತ್ತಿ ಬೆಳೆದರು. ಆಶ್ರಯ ಹತ್ತಿ ಬಿತ್ತಲೇಬೇಕೆಂಬ ನಿಯಮವಿತ್ತು, ಹೆಚ್ಚಿನವರು ಅದನ್ನು ಪಾಲಿಸಿದರು. 1997ರಲ್ಲಿಯೇ ಅಲ್ಲಿನ ಹುಳುಗಳಲ್ಲಿ ಬಗ್ಗದ ಗುಣ ಕಂಡು ವಿಜ್ಞಾನಿಗಳು ಗಾಬರಿಯಾಗಿದ್ದರು. ಆದರೆ 2004ರವರೆಗೆ ವರ್ಷವರ್ಷ ಪರೀಕ್ಷಿಸಿದಾಗ ಆ ಗುಣ ಏರಲೇ ಇಲ್ಲ. 2006ರಿಂದ ಸಂತಾನಶಕ್ತಿಯಿಲ್ಲದ ಪತಂಗಗಳನ್ನು ವಿಮಾನದಿಂದ ಬಿಡುವ ಕೆಲಸವೂ ಸೇರಿತು. ಕಟ್ಟಿಗೆ ಉಳುವುದು, ಬಲೆ ಹಾಕುವುದು ಎಲ್ಲವೂ ಕೂಡಿ ನಡೆದವು. 2018ರಲ್ಲಿ ಅಮೆರಿಕದ ಹತ್ತಿ ಸೀಮೆಯಿಂದ ಗುಲಾಬಿ ಕಾಯಿಕೊರಕ ನಿರ್ಮೂಲವಾಯಿತೆಂದು ಅಲ್ಲಿನ ಸರಕಾರ ಸಾರಿತು.

ನಮ್ಮಲ್ಲಿ ಆದದ್ದು

ನಮ್ಮ ದೇಶದಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಎರಡು ಬಗೆಯ ವಿಷವುಳ್ಳ ಎರಡನೆಯ ಬಿಟಿ ಬಂದದ್ದು 2006ರಲ್ಲಿ. 450 ಗ್ರಾಂ ಬಿಟಿ ಬೀಜದ ಜೊತೆಗೆ 120 ಗ್ರಾಂ ಬಿಟಿ ಅಲ್ಲದ ಬೀಜದ ಚಿಕ್ಕ ಪೊಟ್ಟಣ ಬರುತ್ತಿತ್ತು. ಹೊಲದ ಸುತ್ತ 5 ಸಾಲು ಅಥವಾ ಹೊಲದ ನೂರಕ್ಕೆ 20 ಭಾಗ, ಯಾವುದು ಹೆಚ್ಚೋ ಅಷ್ಟು, ಆ ಬೀಜ ಬಿತ್ತಬೇಕೆಂಬುದು ನಿಯಮ.

ಆ ಪೊಟ್ಟಣ ಏನಾಯಿತು? ನಮ್ಮ ಮನೆಯದನ್ನೇ ಹೇಳುತ್ತೇನೆ. ನಾನು ಶಾಲೆಗೆ ಹೋಗುವ ಹುಡುಗ. ಅಪ್ಪ ದೊಡ್ಡ ಪೊಟ್ಟಣವನ್ನು ದೇವರ ಮುಂದಿಟ್ಟು ಪೂಜೆ ಮಾಡಿ ಹೊಲಕ್ಕೆ ಒಯ್ಯುತ್ತಿದ್ದ, ಚಿಕ್ಕದನ್ನು ಮಾಡಿನ ಸಂದಿಗೆ ಸಿಕ್ಕಿಸುತ್ತಿದ್ದ. "ಹುಳ ಬೀಳೂ ಬೀಜ ನಾವ್ಯಾಕ ಬಿತ್ತಬೇಕು?" ಎನ್ನುತ್ತಿದ್ದ. ನಾನು ಆ ಬೀಜವನ್ನು ಚೆಲ್ಲಿ ಪೊಟ್ಟಣದಲ್ಲಿ ಗೋಲಿ ತುಂಬಿಡುತ್ತಿದ್ದೆ. ಕೆಲವು ವರ್ಷಗಳ ಮೇಲೆ ನಮ್ಮ ಹೊಲದಲ್ಲಿ ಎರಡನೆಯ ಬಿಡಿಸುವಿಕೆಗೆ ಕಾಯಿಗಳು ಅರ್ಧ ಬಾಯಿಬಿಟ್ಟು ನಿಂತವು. ಬಿಡಿಸುವ ಕೂಲಿಯೂ ಹುಟ್ಟಲಿಲ್ಲ. ಆ ವರ್ಷ ಅಕ್ಕನ ಮದುವೆ ಮುಂದಕ್ಕೆ ಹೋಯಿತು. ಅಪ್ಪನ ತಪ್ಪೆಂದು ನಾನು ಬರೆಯುತ್ತಿಲ್ಲ. ಆ ಪೊಟ್ಟಣ ಏಕೆಂದು ಅವನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಡಿಪ್ಲೊಮಾ ಓದಲು ಹೋದ ಮೇಲೆಯೇ ನನಗೂ ತಿಳಿದದ್ದು.

ಹೀಗೆ ಮನೆಮನೆಯಲ್ಲಿ ಆಯಿತು. ಹತ್ತಿಯ ಸೀಮೆಯೆಲ್ಲ ಬಿಟಿಯೊಂದೇ ನಿಂತಿತು. ಎಲ್ಲಿ ನೋಡಿದರೂ ಮಳೆ, ಬಿಸಿಲೇ ಇಲ್ಲ. ಕಂಬಳಿ ಯಾರಿಗೂ ಭಾರವಾಗಲಿಲ್ಲ. ಗುಜರಾತಿನ ಅಮ್ರೇಲಿಯಲ್ಲಿ 2008ರಲ್ಲಿ ಸಂಗ್ರಹಿಸಿದ ಹುಳುಗಳಲ್ಲಿ ಮೊದಲನೆಯ ಬಿಟಿಗೆ ಬಗ್ಗದ ಗುಣ ಕಂಡಿತು. 2010ರಲ್ಲಿ ಅದು ಬಹಿರಂಗವಾಯಿತು. 2014ರಿಂದೀಚೆಗೆ ಎರಡನೆಯ ಬಿಟಿಯ ಕಾಯಿಗಳಲ್ಲಿಯೂ ಹುಳು ಹೆಚ್ಚಾಗಿ ಸಿಕ್ಕತೊಡಗಿತು. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯವರು 2010ರಿಂದ 2017ರವರೆಗೆ ಹತ್ತಿ ಬೆಳೆಯುವ 10 ರಾಜ್ಯಗಳಿಂದ ಹುಳು ತರಿಸಿ ಪರೀಕ್ಷಿಸಿದರು. ಮಧ್ಯ ಮತ್ತು ದಕ್ಷಿಣ ಭಾರತದ ಹುಳುಗಳು ಎರಡೂ ವಿಷಕ್ಕೆ ಬಗ್ಗದಂತಾಗಿರುವುದು ಖಚಿತವಾಯಿತು. ನಮ್ಮ ಕರ್ನಾಟಕವೂ ಅದರಲ್ಲಿ ಸೇರಿದೆ.

ಇನ್ನೆರಡು ಕಾರಣಗಳೂ ಕೂಡಿಕೊಂಡವು. ಒಂದು, ನಾವು ಬಿತ್ತುವುದು ಬಹುಮಟ್ಟಿಗೆ ಹೈಬ್ರಿಡ್ ಹತ್ತಿ. ಅದರ ಒಂದೇ ಕಾಯಿಯೊಳಗೆ ವಿಷವುಳ್ಳ ಬೀಜದ ಪಕ್ಕದಲ್ಲಿ ವಿಷ ಕಡಿಮೆಯಿರುವ ಬೀಜವೂ, ಇಲ್ಲದ ಬೀಜವೂ ಇರುತ್ತವೆ. ಅಂಥ ಕಾಯಿಯಲ್ಲಿ ಬೀಳುವುದು ಜಡಿಮಳೆಯಲ್ಲ, ತುಂತುರು. ಅರ್ಧ ಕಂಬಳಿಯ ಹುಳುವೂ ಅಲ್ಲಿ ಬದುಕಿಬಿಡುತ್ತದೆ. ಎರಡು, ನೀರಿರುವ ಕಡೆ ಹತ್ತಿಯನ್ನು ಫೆಬ್ರವರಿ, ಮಾರ್ಚಿನ ತನಕ ನಿಲ್ಲಿಸಿದೆವು. ಹುಳುವಿಗೆ ವರ್ಷದ ಬಹುಭಾಗ ಊಟ ಸಿಕ್ಕಿತು. ಮಲಗಿ ಏಳುವ ಕಷ್ಟದಲ್ಲಿ ಬಗ್ಗದ ಹುಳುವಿಗೆ ದೊಡ್ಡ ನಷ್ಟವೆಂದು ಮೇಲೆ ಓದಿದಿರಿ. ಮಲಗುವ ಅಗತ್ಯವೇ ಕಡಿಮೆಯಾದರೆ ಆ ನಷ್ಟ ಎಲ್ಲಿಂದ ಬರಬೇಕು?

ಚೀನಾ ದೇಶದ ಒಂದು ಸಂಗತಿ

ಚೀನಾದ ಯಾಂಗ್‌ತ್ಸೆ ನದಿಯ ಕಣಿವೆಯಲ್ಲಿ ರೈತರು ಆಶ್ರಯ ಸಾಲೆಂದು ಬೇರೆ ಬಿತ್ತಲಿಲ್ಲ. ಹುಳುವಿನಲ್ಲಿ ಬಗ್ಗದ ಗುಣ ಅಲ್ಲಿಯೂ ಏರತೊಡಗಿತ್ತು. ಅಷ್ಟರಲ್ಲಿ ಅವರು ಅಗ್ಗವೆಂದು ಹೈಬ್ರಿಡ್ಡಿನ ಎರಡನೆಯ ತಲೆಮಾರಿನ ಬೀಜವನ್ನು ಹೆಚ್ಚಾಗಿ ಕೊಂಡರು. ಆ ಬೀಜದಲ್ಲಿ ಸುಮಾರು ಕಾಲು ಭಾಗ ಗಿಡಗಳು ಬಿಟಿ ಅಲ್ಲದವು. ಯಾರೂ ಉದ್ದೇಶಿಸದೆ ಹೊಲಹೊಲದಲ್ಲಿಯೂ ಬಿಸಿಲು ಬಿದ್ದಂತಾಯಿತು. 2005ರಿಂದ 2015ರವರೆಗಿನ 11 ವರ್ಷಗಳ ಪರೀಕ್ಷೆಯಲ್ಲಿ ಏರುತ್ತಿದ್ದ ಬಗ್ಗದ ಗುಣ ಮತ್ತೆ ಇಳಿದದ್ದು ಕಂಡುಬಂತು. ಇದನ್ನು ಓದಿ ನೀವು ಮನೆಯ ಹೈಬ್ರಿಡ್ ಬೀಜ ಬಿತ್ತಬೇಕೆಂದು ನಾನು ಹೇಳುತ್ತಿಲ್ಲ, ಅದರಲ್ಲಿ ಇಳುವರಿಯ ನಷ್ಟವುಂಟು. ಏರಿದ ಗುಣ ಇಳಿಯಲೂಬಹುದು ಎಂಬುದಷ್ಟೇ ಇದರ ಪಾಠ.

ಒಂದು ಎಚ್ಚರಿಕೆ

ಬಾಂಧವರೇ, ಸುಳ್ಳು ಭರವಸೆ ಕೊಡಲಾರೆ. ಹುಳುವಿಗಾಗುವ ನಷ್ಟ ಎಲ್ಲಾ ಕಡೆ ಒಂದೇ ಪ್ರಮಾಣದಲ್ಲಿರುವುದಿಲ್ಲ. ಯಾವ ವಿಷ, ಯಾವ ತಳಿ, ಯಾವ ಸೀಮೆ ಎಂಬುದರ ಮೇಲೆ ಹೆಚ್ಚುಕಡಿಮೆಯಾಗುತ್ತದೆ. ಬಗ್ಗದ ಹುಳುವೇ ಊರು ತುಂಬಿದ ಮೇಲೆ ಐದು ಸಾಲು ಬಿತ್ತಿದ ಮಾತ್ರಕ್ಕೆ ಮರುವರ್ಷವೇ ಹಳೆಯ ಕಾಲ ಮರಳದು. ಬೆಂಕಿ ಹತ್ತುವ ಮೊದಲು ತೋಡಬೇಕಿದ್ದ ಬಾವಿ ಅದು. ಆದರೂ ತೋಡಿದ ಬಾವಿ ಮುಂದಿನ ಬೆಂಕಿಗೆ ಬರುತ್ತದೆ. ಹಸಿರು ಕಾಯಿಕೊರಕಕ್ಕೆ ಬಿಟಿ ಇನ್ನೂ ಬಹುಮಟ್ಟಿಗೆ ಉಪಯೋಗಕ್ಕೆ ಬರುತ್ತಿದೆ. ಅದನ್ನೂ ಕಳೆದುಕೊಳ್ಳುವುದು ಬೇಡ.

ಈ ವರ್ಷ ಮಾಡಬೇಕಾದದ್ದು

1. ಬಿಟಿ ಅಲ್ಲದ ಬೀಜವನ್ನು ಎಸೆಯಬೇಡಿರಿ. ಈಚಿನ ವರ್ಷಗಳಲ್ಲಿ ಅದನ್ನು ಬಿಟಿ ಬೀಜದೊಳಗೇ ಬೆರೆಸಿ ಒಂದೇ ಪೊಟ್ಟಣದಲ್ಲಿ ಕೊಡುತ್ತಿದ್ದಾರೆ. ಪೊಟ್ಟಣದ ಮೇಲಿನ ಬರಹ ಓದಿರಿ. ಬೆರಕೆ ಬೀಜವೆಂದು ಅಂಗಡಿಯವರೊಡನೆ ಜಗಳಾಡಬೇಡಿರಿ, ಅದು ಬೇಕೆಂದೇ ಬೆರೆಸಿದ್ದು. ಬೇರೆ ಪೊಟ್ಟಣ ಸಿಕ್ಕರೆ ಸುತ್ತಲ ಸಾಲಿಗೆ ಬಿತ್ತಿರಿ.

2. ಬೇಗ ಮುಗಿಯುವ ತಳಿಯನ್ನು ಆರಿಸಿರಿ. ಊರಿನವರೆಲ್ಲ ಒಂದೇ ಹದದಲ್ಲಿ, ಹೆಚ್ಚು ದಿನಗಳ ಅಂತರವಿಲ್ಲದೆ ಬಿತ್ತಿರಿ.

3. ಬಿತ್ತಿದ 45 ದಿನಕ್ಕೆ ಎಕರೆಗೆ 2 ಮೋಹಕ ಬಲೆ ಕಟ್ಟಿರಿ. ಒಂದು ಬಲೆಗೆ ರಾತ್ರಿಗೆ 8 ಪತಂಗದಂತೆ ಸತತ 3 ರಾತ್ರಿ ಬಿದ್ದರೆ ಹತೋಟಿಯ ಕ್ರಮಕ್ಕೆ ಸಿದ್ಧರಾಗಿರಿ.

4. ಗುಲಾಬಿಯ ಮೊಗ್ಗಿನಂತೆ ಮುದುಡಿ ಅರಳದೆ ನಿಂತ ಹೂಗಳನ್ನು ಕಿತ್ತು ನಾಶಮಾಡಿರಿ. ಒಳಗೆ ಹುಳುವಿರುತ್ತದೆ.

5. ವಾರಕ್ಕೊಮ್ಮೆ ಎಕರೆಗೆ 20 ಹಸಿ ಕಾಯಿಗಳನ್ನು ಅಲ್ಲಲ್ಲಿಂದ ಕಿತ್ತು ಬಿಡಿಸಿ ನೋಡಿರಿ. 2 ಕಾಯಿಯಲ್ಲಿ ಹುಳು ಸಿಕ್ಕರೆ ಔಷಧ ಹೊಡೆಯುವ ಹೊತ್ತು ಬಂತು. ಯಾವ ಔಷಧ, ಎಷ್ಟು ಪ್ರಮಾಣ ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿಯಿರಿ. ಮೂರು ಔಷಧ ಕಲಸಿ ಹೊಡೆಯುವ ಅಭ್ಯಾಸ ಬಿಡಿರಿ. ಹೊಡೆಯುವಾಗ ಮೂಗುಬಾಯಿಗೆ ಬಟ್ಟೆ, ಕೈಗೆ ಚೀಲ ತಪ್ಪಿಸಬೇಡಿರಿ.

6. ಡಿಸೆಂಬರಿನ ಹೊತ್ತಿಗೆ ಬೆಳೆ ಮುಗಿಸಿರಿ. ಇನ್ನೊಂದು ಬಿಡಿಸುವಿಕೆಯ ಆಸೆಗೆ ನೀರು ಕೊಟ್ಟು ನಿಲ್ಲಿಸಬೇಡಿರಿ. ಹೊಲಕ್ಕೆ ಕುರಿ, ಆಡು ಬಿಟ್ಟು ಉಳಿದ ಕಾಯಿ ಮೇಯಿಸಿರಿ. ಕಟ್ಟಿಗೆ ಕಿತ್ತು ಪುಡಿಮಾಡಿ ಮಣ್ಣಿಗೆ ಸೇರಿಸಿರಿ ಇಲ್ಲವೆ ಗೊಬ್ಬರದ ಗುಂಡಿಗೆ ಹಾಕಿರಿ. ಮುಂದಿನ ಬಿತ್ತನೆಯ ತನಕ ಒಟ್ಟಿಡಬೇಡಿರಿ.

7. ಹತ್ತಿಯ ಮೇಲೆ ಹತ್ತಿ ಬೇಡ. ಜೋಳ, ಕಡಲೆ, ತೊಗರಿ ಯಾವುದಾದರೂ ನಡುವೆ ಬರಲಿ.

ಕೊನೆಯ ಮಾತು

ಇವುಗಳಲ್ಲಿ ಯಾವುದನ್ನೂ ಒಬ್ಬನೇ ಮಾಡಿದರೆ ಫಲ ಕಡಿಮೆ. ಪತಂಗಕ್ಕೆ ಬದು ತಿಳಿಯದು, ಸರ್ವೆ ನಂಬರು ತಿಳಿಯದು. ನಾನು ಆಶ್ರಯ ಸಾಲು ಬಿತ್ತಿದರೆ ಅದರ ಲಾಭ ನೆರೆಯವನಿಗೂ ಹೋಗುತ್ತದೆ. ನಾನು ಕಟ್ಟಿಗೆ ಒಟ್ಟಿದರೆ ಅದರ ಹುಳು ಅವನಿಗೂ ಹೋಗುತ್ತದೆ. ಕೆರೆಯ ಹೂಳು ಹೇಗೆ ಊರಿನ ಕೆಲಸವೋ ಇದೂ ಹಾಗೆಯೇ. ಒಂದು ದಿನ ಗೊತ್ತುಮಾಡಿ, ಅಂದಿಗೆ ಊರಿನ ಹತ್ತಿಯೆಲ್ಲ ಹೊಲ ಬಿಡಬೇಕೆಂದು ಗ್ರಾಮಸಭೆಯಲ್ಲಿ ಮಾತಾಗಲಿ.

ನಮ್ಮ ಮನೆಯ ಮಾಡಿನ ಸಂದಿಯಲ್ಲಿ ಈಗ ಪೊಟ್ಟಣವಿಲ್ಲ. ಅಪ್ಪ ಹೋದ ವರ್ಷ ಹೊಲದ ಸುತ್ತ ತಾನೇ ಐದು ಸಾಲು ಎಣಿಸಿ ಬಿಟಿ ಅಲ್ಲದ ಹತ್ತಿ ಬಿತ್ತಿದ್ದಾನೆ. "ಇವು ಹುಳದ ಪಾಲು" ಎಂದು ಹೇಳುತ್ತಾನೆ. ನಾನು ತಿದ್ದುವುದಿಲ್ಲ. ಆ ಪಾಲು ಹುಳುವಿಗೆ ಕೊಟ್ಟರೇ ಉಳಿದದ್ದು ನಮಗೆ ದಕ್ಕೀತು.

ಕೂಟದಲ್ಲಿ ಚರ್ಚಿಸಲು ಪ್ರಶ್ನೆಗಳು

1. ಬಿಟಿ ಬರುವ ಮೊದಲು ವಿಷಕ್ಕೆ ಬಗ್ಗದ ಹುಳು ಏಕೆ ಅಪರೂಪವಾಗಿತ್ತು?

2. ಆಶ್ರಯ ಸಾಲಿನ ಪತಂಗ ನಮ್ಮ ಶತ್ರುವೋ ಮಿತ್ರನೋ? ಏಕೆ?

3. ನಮ್ಮ ಊರಿನಲ್ಲಿ ಕಳೆದ ವರ್ಷ ಹತ್ತಿ ಕೊನೆಗೆ ಹೊಲ ಬಿಟ್ಟದ್ದು ಯಾವ ತಿಂಗಳು? ಈ ವರ್ಷ ಯಾವ ದಿನಕ್ಕೆ ಗೊತ್ತುಮಾಡೋಣ?

ಮೂರನೆಯ ಪ್ರಶ್ನೆಯ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು ನನಗೆ ಮುಟ್ಟಿಸಬೇಕು. ಯಾವ ಊರು ಯಾವ ದಿನ ಗೊತ್ತುಮಾಡಿತೆಂಬ ಪಟ್ಟಿಯನ್ನು ಮುಂದಿನ ಸಂಚಿಕೆಯಲ್ಲಿ ಕೊಡುತ್ತೇನೆ.

ಇತಿ ನಿಮ್ಮ ಸೇವೆಯಲ್ಲಿ,
ನಿಮ್ಮ ವಲಯದ ಗ್ರಾಮಮಟ್ಟದ ಕಾರ್ಯಕರ್ತ